ಟೂರಮ್ಮ ಹತ್ತದ ಬೆಟ್ಟ

"ನಮ್ಮ ಮನೆತನದಲ್ಲಿ ಒಂದು ಹೆಣ್ಣು ಡಿಗ್ರಿ ಮುಗಿಸೋದು ಅಂದ್ರೆ ಅದು ಆಗೋ ಹೋಗೋ ಮಾತಲ್ಲ" ಎಂದು ಹೇಳಿದವರು ನನ್ನ ದೊಡ್ಡಪ್ಪ. ಹೇಳಿದ್ದು ನಮ್ಮ ಮನೆಯ ಜಗಲಿಯ ಮೇಲೆ, ಕಾಫಿ ಲೋಟ ಕೈಯಲ್ಲಿಟ್ಟುಕೊಂಡು. ಮೀಸೆಗೆ ಅಂಟಿದ್ದ ನೊರೆಯನ್ನು ಒರೆಸಿ, ಅದೇ ಬೆರಳಲ್ಲಿ ಮೀಸೆಯ ತುದಿ ತಿರುವಿ, "ಹಂಗೇನಾದ್ರೂ ಆದ್ರೆ ಇದನ್ನ ಬೋಳಿಸ್ಕೊಂಡು ಮಂಚೇನಹಳ್ಳಿ ಬಸ್ ಸ್ಟ್ಯಾಂಡಲ್ಲಿ ಬಂದು ನಿಂತ್ಕೋತೀನಿ" ಎಂದೂ ಸೇರಿಸಿದರು. ಅಪ್ಪ ತಲೆ ತಗ್ಗಿಸಿ ಕೂತಿದ್ದ. ಅಣ್ಣನಿಗೆ ಎದುರಾಡಿ ಅವನಿಗೆ ಅಭ್ಯಾಸವಿರಲಿಲ್ಲ. ಸೇವಂತಿಗೆ ತೋಟದ ಕೂಲಿಯಿಂದ ಆಗಷ್ಟೇ ಬಂದ ಅಮ್ಮ ಕಾಲು ತೊಳೆಯುತ್ತಿದ್ದಳು.

ಮಾತಾಡಿದ್ದು ಅಂಗಳದಲ್ಲಿ ನಿಂತಿದ್ದ ಹೊರಗಿನ ಹೆಂಗಸು.

"ಯಜಮಾನ್ರೇ, ಈ ಮಾತಿಗೆ ನಾನೇ ಸಾಕ್ಷಿ. ಆವತ್ತು ಕ್ಷೌರದ ಅಂಗಡಿಗೆ ನಾನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ. ಈಗ ಚೂರು ಕಾಲು ಮಡಚಿ, ಒಳಗೆ ಹೋಗ್ಬೇಕು. ಉಪ್ಪು ಬೇಕು ನನಗೆ."

ನಿಜ ಹೇಳಬೇಕೆಂದರೆ ಆ ದಿನದ ರಗಳೆ ಶುರುವಾದದ್ದು ಡಿಗ್ರಿಯ ಬಗ್ಗೆ ಅಲ್ಲ, ಟೂರಿನ ಬಗ್ಗೆ. ನಾನು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಬಿ.ಎ.ಗೆ ಸೇರಿ, ಇತಿಹಾಸದ ಜೊತೆಗೆ ಪ್ರವಾಸೋದ್ಯಮ ತೆಗೆದುಕೊಂಡಿದ್ದೆ. ಆ ವಿಷಯದಲ್ಲಿ ಗುಡಿ, ಕೋಟೆ, ಬೆಟ್ಟಗಳಿಗೆ ಹೋಗಿ ನೋಡಿ ಬರುವುದು ಪಾಠದ ಭಾಗ. ಹೋಗದಿದ್ದರೆ ಅಂಕ ಇಲ್ಲ, ಅಂಕ ಇಲ್ಲದಿದ್ದರೆ ಪಾಸಿಲ್ಲ. ಇದು ದೊಡ್ಡಪ್ಪನ ತಲೆಗೆ ಹತ್ತಲಿಲ್ಲ. "ಬೆಟ್ಟ ನೋಡೋದೂ ಒಂದು ಓದಾ? ಹಿತ್ತಲಲ್ಲಿ ನಿಂತ್ಕೊಂಡ್ರೆ ಕಾಣ್ತದಲ್ಲ ಪುಕ್ಸಟ್ಟೆ!" ಎಂದು ಕೂಗಾಡಿ, ಕಡೆಗೆ ಡಿಗ್ರಿಯವರೆಗೂ ಹೋಗಿ ಮುಟ್ಟಿದ್ದರು.

ಆ ಹೆಂಗಸು ಅವರ ಕಾಲು ದಾಟಿಕೊಂಡು ಒಳಗೆ ಹೋದರು. ನಮ್ಮ ಅಡುಗೆ ಮನೆಯ ಉಪ್ಪಿನ ಮಡಕೆಗೆ ಕೈ ಹಾಕಿ ಒಂದು ಹಿಡಿ ತೆಗೆದು, ಕಂಕುಳಲ್ಲಿದ್ದ ಹಳೆಯ ತಗಡಿನ ಡಬ್ಬಿಗೆ ಸುರಿದುಕೊಂಡರು. ಹೊರಗೆ ಬಂದು ಅಪ್ಪನ ಎದುರು ನಿಂತರು.

"ನಿಮ್ಮನೆ ಉಪ್ಪು ನನ್ನ ಡಬ್ಬಿಗೆ ಬಿತ್ತಪ್ಪ. ನಾಳೆ ಇದನ್ನೇ ಹಾಕಿ ಎಲ್ಲಾ ಮಕ್ಕಳಿಗೂ ಅಡುಗೆ ಮಾಡೋದು. ದೀಪ ಹಚ್ಚೋ ಹೊತ್ತಿಗೆ ನಿನ್ನ ಮಗಳನ್ನ ಇದೇ ಬಾಗಿಲಿಗೆ ತಂದು ನಿಲ್ಲಿಸ್ತೀನಿ."

ಅಪ್ಪ ತಲೆ ಎತ್ತಿ, "ನೀನು ಜೊತೆಗೆ ಹೋಗ್ತೀಯ ಅಂದ್ರೆ ಸರಿ ಕಣಮ್ಮ" ಎಂದ ಅವರಿಗೆ.

ನನ್ನ ಪದವಿ ಶುರುವಾದದ್ದು ಆ ಒಂದು ಮಾತಿನಿಂದ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಯಾರಿಗೂ ಗುರುತು ಹತ್ತುವುದಿಲ್ಲ. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಅವರನ್ನು ಬಲ್ಲವರೆಲ್ಲ ಕರೆಯುತ್ತಿದ್ದದ್ದು ಟೂರಮ್ಮ ಎಂದೇ. ಶಾಲೆ ಕಾಲೇಜುಗಳು ಪ್ರವಾಸ ಹೊರಟರೆ ಬಸ್ಸಿನ ಜೊತೆಗೆ ಹೋಗಿ ಅಡುಗೆ ಮಾಡಿ ಬಡಿಸುವುದು ಅವರ ಕಸುಬು. ಕುಳ್ಳಗಿನ ದಪ್ಪ ಆಳು, ಹೆಗಲ ಮೇಲೆ ಯಾವಾಗಲೂ ಒಂದು ಟವೆಲು, ಮೊಣಕೈಯವರೆಗೆ ಎಣ್ಣೆ ಸಿಡಿದ ಕಪ್ಪು ಚುಕ್ಕೆಗಳು. ಗಂಡ ಬೇಗ ಹೋಗಿದ್ದ, ಮಕ್ಕಳಿರಲಿಲ್ಲ. ಮಂಚೇನಹಳ್ಳಿಯಲ್ಲಿ ತಂಗಿಯ ಜೊತೆ ಇದ್ದರು. ಪ್ರೀತಿ ಬಂದರೆ ಕನ್ನಡ, ಸಿಟ್ಟು ಬಂದರೆ ತೆಲುಗು.

ಪಾತ್ರೆಗಳೆಲ್ಲ ಬಸ್ಸಿನ ನೆತ್ತಿಗೇರಿದ ಮೇಲೆ ಅವರು ಡ್ರೈವರ್ ಹಿಂದಿನ ಸೀಟಿನಲ್ಲಿ ಉಪ್ಪಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವರು. ಬಸ್ ಹೊರಡುವಾಗ ಡ್ರೈವರಿಗೆ ಹೇಳುವ ಮಾತು ಯಾವಾಗಲೂ ಒಂದೇ: "ನಿಧಾನ ಕಣಪ್ಪ, ಮೇಲೆ ಪಾತ್ರೆ ಐತೆ. ಒಳಗೆ ಮಕ್ಕಳೂ ಅವ್ರೆ."

ನಮ್ಮ ಕಡೆಯ ಎಷ್ಟೋ ತಂದೆಯರು ಹೆಣ್ಣುಮಕ್ಕಳನ್ನು ಟೂರಿಗೆ ಕಳಿಸಿದ್ದು ಮೇಷ್ಟರುಗಳ ಮಾತಿನ ಮೇಲಲ್ಲ, ಟೂರಮ್ಮನ ಡಬ್ಬಿಯ ಮೇಲೆ. ಪ್ರವಾಸಕ್ಕೆ ಮುಂಚೆ ಅವರು ಯಾವ ಮನೆಯಲ್ಲಿ ತಕರಾರು ಇದೆಯೋ ಆ ಮನೆಗೆಲ್ಲ ಹೋಗುತ್ತಿದ್ದರು. ಉಪ್ಪು ಕೇಳುತ್ತಿದ್ದರು. ಕೊಟ್ಟರೆ ಒಪ್ಪಿದ ಹಾಗೆ. ಅಂಗಡಿಯ ಉಪ್ಪು ಅವರ ಅಡುಗೆಗೆ ಬೀಳುತ್ತಲೇ ಇರಲಿಲ್ಲ. ಒಂದು ಮನೆಯದು ಕಲ್ಲುಪ್ಪು, ಒಂದು ಮನೆಯದು ಪುಡಿ ಉಪ್ಪು, ಎಲ್ಲಾ ಒಟ್ಟಿಗೆ. ಹಾಗಾಗಿ ಸಾಂಬಾರು ಒಮ್ಮೊಮ್ಮೆ ಉಪ್ಪಾಗುತ್ತಿತ್ತು. ಯಾರಾದರೂ ಮುಖ ಕಿವುಚಿದರೆ, "ಅದು ನಿಮ್ಮಮ್ಮನ ಕೈಗುಣ, ನಂದಲ್ಲ" ಎನ್ನುವರು.

ನಂದಿಬೆಟ್ಟ, ಭೋಗನಂದೀಶ್ವರ, ರಂಗಸ್ಥಳ, ವಿದುರಾಶ್ವತ್ಥ, ಕೈವಾರ, ಮುದ್ದೇನಹಳ್ಳಿಯ ಮ್ಯೂಸಿಯಂ. ನಾವು ನೋಡಿದ ಜಾಗಗಳಿಗೆಲ್ಲ ಅವರು ಬಂದಿದ್ದರು. ಆದರೆ ಒಂದನ್ನೂ ನೋಡಿರಲಿಲ್ಲ. ನಾವು ಒಳಗೆ ಹೋಗಿ ಬರುವಷ್ಟರಲ್ಲಿ ಅವರು ಬಸ್ಸಿನ ಪಕ್ಕ ಒಲೆ ಹೂಡಿ ಅಡುಗೆ ಮುಗಿಸಬೇಕು. ಅವರ ಬಾಯಲ್ಲಿ ನಂದಿಬೆಟ್ಟ ಅಂದರೆ ಒಲೆ ನಿಲ್ಲದ ಗಾಳಿ. ಭೋಗನಂದೀಶ್ವರ ಅಂದರೆ ಒಳ್ಳೇ ನೆರಳು. ವಿದುರಾಶ್ವತ್ಥ ಅಂದರೆ ಹಪ್ಪಳ ಕದಿಯುವ ಕೋತಿ. ಕೈವಾರದ ಹೆಸರೆತ್ತಿದರೆ ಮುಖ ಚಿಕ್ಕದಾಗುತ್ತಿತ್ತು. ಅಲ್ಲಿ ಬಂದವರಿಗೆಲ್ಲ ಮಠದಲ್ಲೇ ಊಟ. "ನಮ್ಮ ಮಕ್ಕಳು ಅಲ್ಲಿ ಉಂಡು ತೇಗ್ತಾ ಬರ್ತವೆ. ನಾನ್ಯಾಕೆ ಬರ್ಬೇಕು, ಬ್ಯಾಗು ಕಾಯೋಕಾ?" ಎನ್ನುವರು. ಆದರೂ ಬರುವರು, ಬ್ಯಾಗು ಕಾಯುವರು.

"ಅಡುಗೆ ಇಲ್ವಲ್ಲಮ್ಮಾ, ಇವತ್ತಾದ್ರೂ ಒಳಗೆ ಬನ್ನಿ" ಎಂದು ಒಮ್ಮೆ ನಾನು ಕರೆದೆ.

"ಬಸ್ ಹತ್ರ ಒಂದು ಜೀವ ಇರ್ಬೇಕು ಕಣೇ. ಕಾಲು ಉಳುಕಿದ್ದು, ಹೊಟ್ಟೆ ನೋವು ಬಂದಿದ್ದು, ಗೆಳತಿ ಹತ್ರ ಮುನಿಸ್ಕೊಂಡಿದ್ದು, ಎಲ್ಲಾ ತಿರುಗಿ ಬರೋದು ಬಸ್ ಹತ್ರಾನೇ. ಬಂದಾಗ ಯಾರೂ ಇಲ್ದಿದ್ರೆ?"

ಹಾಗಂತ ಅವರಿಗೆ ನೋಡುವ ಆಸೆ ಇಲ್ಲ ಎಂದು ಯಾರಾದರೂ ತಿಳಿದರೆ ಅದು ತಪ್ಪು. ಅವರ ಹಪ್ಪಳದ ನಿಯಮ ಗೊತ್ತಿದ್ದವರು ಹಾಗೆ ಹೇಳುವುದಿಲ್ಲ. ತಟ್ಟೆ ಹಿಡಿದು ಸಾಲಲ್ಲಿ ನಿಂತರೆ ಅನ್ನ ಹಾಕುವರು, ಸಾಂಬಾರು ಹಾಕುವರು, ಹಪ್ಪಳ ಮಾತ್ರ ಕೈಯಲ್ಲಿ ಹಿಡಿದು ನಿಲ್ಲುವರು.

"ಏನ್ ನೋಡ್ದೆ ಹೇಳು."

ಹೇಳಿದರೆ ಹಪ್ಪಳ. ಹೇಳದಿದ್ದರೆ ಮುಂದಕ್ಕೆ ನಡಿ.

ಭೋಗನಂದೀಶ್ವರದಲ್ಲಿ ನನ್ನ ಸರದಿ ಬಂದಾಗ "ಕಂಬ ನೋಡಿದೆ" ಎಂದೆ.

"ಕಂಬ ನಮ್ಮ ಬೀದೀಲೂ ಐತೆ, ಕರೆಂಟ್ ಕಂಬ. ಈ ಕಂಬದಲ್ಲಿ ಏನಿತ್ತು?"

"ಗಿಣಿ ಕೆತ್ತಿದಾರೆ."

"ಒಂಟಿನಾ, ಜೋಡಿನಾ?"

ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಫೋಟೋ ತೆಗೆದುಕೊಂಡು ಬಂದಿದ್ದೆನೇ ಹೊರತು ನೋಡಿರಲಿಲ್ಲ. ಫೋಟೋದಲ್ಲಿ ನನ್ನ ಮುಖವೇ ಗಿಣಿಗೆ ಅಡ್ಡವಾಗಿತ್ತು. ತಟ್ಟೆಯನ್ನು ಅಲ್ಲೇ ಇಟ್ಟು ಓಡಿದೆ. ಮಂಟಪದ ಕಂಬದ ಮುಂದೆ ನಿಂತು ನೋಡಿ, ಏದುಸಿರು ಬಿಡುತ್ತಾ ವಾಪಸು ಬಂದು "ಜೋಡಿ ಅಮ್ಮಾ!" ಎಂದೆ. ಹಪ್ಪಳ ತಟ್ಟೆಗೆ ಬಿತ್ತು. "ಹಂಗೆ ಹೇಳು ಮತ್ತೆ. ಒಂಟಿ ಗಿಣಿ ಯಾರು ಕೆತ್ತಾರೆ, ಪಾಪ" ಎಂದರು.

ಸುಳ್ಳು ಹೇಳಿ ಹಪ್ಪಳ ಹೊಡೆಯಲು ನೋಡುವವರೂ ಇದ್ದರು. ರಂಗಸ್ಥಳದ ಗುಡಿಯ ಮುಂದೆ ನೆರಳಿನಲ್ಲಿ ಹರಟುತ್ತಾ ಕೂತಿದ್ದ ಒಬ್ಬಳು ಆನೆಯ ದೊಡ್ಡ ಶಿಲ್ಪ ನೋಡಿದೆ ಎಂದು ಬಿಟ್ಟಳು. ಟೂರಮ್ಮ ಹಪ್ಪಳವನ್ನು ಎತ್ತರಕ್ಕೆ ಹಿಡಿದು, "ಹೋದ ವರ್ಷ ಬಂದೋರಿಗೆಲ್ಲ ಕಾಣ್ದಿದ್ದ ಆನೆ ನಿನಗೊಬ್ಬಳಿಗೇ ಕಾಣಿಸ್ತಾ? ಪೋವೇ!" ಎಂದು ತೆಲುಗಿನಲ್ಲಿ ಗದರಿ ಮುಂದಕ್ಕೆ ತಳ್ಳಿದರು.

ಕೇಳಿದ್ದನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳುತ್ತಿರಲಿಲ್ಲ. ಸಂಜೆ ಒಬ್ಬೊಬ್ಬ ಹುಡುಗಿಯನ್ನೂ ಮನೆ ಬಾಗಿಲಿಗೆ ಮುಟ್ಟಿಸುವಾಗ ಆಯಾ ತಾಯಿಗೆ ವರದಿ ಒಪ್ಪಿಸುವರು. ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ಟಿನಿಂದ ಆಚೆಗೆ ಕಾಲಿಡದ ನನ್ನ ಅಮ್ಮನಿಗೆ ಭೋಗನಂದೀಶ್ವರದ ಜೋಡಿ ಗಿಣಿಯನ್ನು ತೋರಿಸಿದ್ದು ನಾನಲ್ಲ, ಟೂರಮ್ಮ. ಗಿಣಿಯ ಕೊಕ್ಕು ಹೇಗಿತ್ತು, ಕತ್ತು ಯಾವ ಕಡೆ ತಿರುಗಿತ್ತು ಎಂದು ತಾವೇ ನೋಡಿದ ಹಾಗೆ ವರ್ಣಿಸಿದರು. ಅಮ್ಮ ಮರುದಿನ ಸೇವಂತಿಗೆ ಸಾಲಿನಲ್ಲಿ ನಿಂತು ಅದನ್ನೇ ಉಳಿದ ಹೆಂಗಸರಿಗೆ ಹೇಳಿದಳಂತೆ.

ಗುಡಿಬಂಡೆಯ ವಿಷಯ ಮಾತ್ರ ಬೇರೆ.

ಗುಡಿಬಂಡೆಯಲ್ಲಿ ಬೆಟ್ಟದ ಮೇಲೆ ಏಳು ಸುತ್ತಿನ ಕೋಟೆ, ಕೆಳಗೆ ದೊಡ್ಡ ಕೆರೆ. ಕೋಟೆಯ ತುದಿಯಲ್ಲಿ ನಿಂತು ನೋಡಿದರೆ ಆ ಕೆರೆ ಭಾರತದ ಭೂಪಟದ ಹಾಗೆ ಕಾಣುತ್ತದೆ. ನಮ್ಮ ಕಡೆ ಎಲ್ಲರೂ ಹೇಳುವ ಮಾತು ಇದು. ನೀರು ತುಂಬಿದ ವರ್ಷ ನಿಜವೂ ಹೌದು. ನಮಗಿಂತ ಹಿಂದಿನ ಹುಡುಗಿಯರು ಇದನ್ನು ಮೊದಲ ಸಲ ಹೇಳಿದಾಗ ಟೂರಮ್ಮ ನಂಬಲಿಲ್ಲವಂತೆ. ಹಪ್ಪಳಕ್ಕಾಗಿ ಎಲ್ಲರೂ ಸೇರಿ ಕಟ್ಟಿದ ಕಥೆ ಎಂದುಕೊಂಡರಂತೆ. ಮರುವರ್ಷ ಬೇರೆ ಶಾಲೆಯ ಮಕ್ಕಳೂ ಅದನ್ನೇ ಹೇಳಿದಾಗ ಅವರಿಗೆ ಯೋಚನೆಯಾಯಿತು.

"ಆ ಕೆರೆ ದಡದಲ್ಲೇ ನಾನು ಒಲೆ ಹಾಕೋದು. ಅದೇ ನೀರಲ್ಲಿ ಪಾತ್ರೆ ತೊಳ್ದಿದೀನಿ. ನನಗೆ ನೀರು ಕಾಣ್ತದೆ, ಎಮ್ಮೆ ಕಾಣ್ತದೆ. ನಿಮಗೆ ಇಂಡಿಯಾ ಹೆಂಗೆ ಕಾಣ್ತದೆ?" ಎಂದು ನನ್ನನ್ನೂ ಕೇಳಿದ್ದರು. ಈ ಕಸುಬಿಗೆ ಬರುವ ಮೊದಲು ಬಿಸಿಯೂಟದ ಕೆಲಸ ಮಾಡುತ್ತಿದ್ದಾಗ ಶಾಲೆಯ ಗೋಡೆಯ ಮೇಲೆ ಬರೆದಿದ್ದ ಭೂಪಟವನ್ನು ಅವರು ದಿನವೂ ನೋಡಿದ್ದರು. ಅದು ಕೆರೆಯಾಗಿ ಬಿದ್ದಿರುವುದನ್ನು ಮೇಲಿನಿಂದ ಒಂದು ಸಲ ನೋಡಬೇಕು. ಅವರು ತಮಗೆಂದು ಬೇಕು ಅಂದದ್ದನ್ನು ನಾನು ಕೇಳಿದ್ದು ಇದೊಂದನ್ನೇ.

ನಾನು ಫೋನಿನಲ್ಲಿ ಯಾರೋ ಹಾಕಿದ್ದ ಆ ಕೆರೆಯ ಫೋಟೋ ಹುಡುಕಿ ತೋರಿಸಲು ಹೋದೆ. ಅವರು ಒದ್ದೆ ಅಂಗೈಯನ್ನು ಪರದೆಯ ಮೇಲೆ ಅಡ್ಡ ಇಟ್ಟುಬಿಟ್ಟರು.

"ಬೇಡ ಕಣೇ. ಮಿಕ್ಕಿದ್ದೆಲ್ಲಾ ನಿಮ್ಮ ಕಣ್ಣಲ್ಲೇ ನೋಡಿದೀನಿ. ಇದೊಂದು ನನ್ನ ಕಣ್ಣಲ್ಲಿ ನೋಡ್ತೀನಿ."

ಬೆಳಗಿನ ಜಾವ ಅಮ್ಮನ ಜೊತೆ ಹೂ ಬಿಡಿಸಿ, ಕೈ ತೊಳೆದು, ಬಸ್ ಹಿಡಿದು ಕಾಲೇಜಿಗೆ ಹೋಗುವುದು ನನ್ನ ದಿನಚರಿಯಾಗಿತ್ತು. ಎಷ್ಟು ತೊಳೆದರೂ ಬೆರಳಿಂದ ಸೇವಂತಿಗೆಯ ವಾಸನೆ ಹೋಗುತ್ತಿರಲಿಲ್ಲ. ಪರೀಕ್ಷೆ ಬರೆದದ್ದೂ ಅದೇ ಕೈಯಲ್ಲಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಒಂದೊಂದು ವರ್ಷ ಪಾಸಾದಾಗಲೂ ಸುದ್ದಿ ಹೇಗೋ ಟೂರಮ್ಮನಿಗೆ ಮುಟ್ಟುತ್ತಿತ್ತು. ಅವರು ಬಸ್ ಸ್ಟ್ಯಾಂಡಿನಲ್ಲಿ ದೊಡ್ಡಪ್ಪನನ್ನು ಹಿಡಿಯುವರು.

"ಮೀಸಾಲು ಜಾಗ್ರತ್ತ, ಯಜಮಾನ್ರೇ!" ಎಂದು ಅರ್ಧ ತೆಲುಗಿನಲ್ಲಿ ಕೂಗುವರು. "ಹುಡುಗಿ ಎರಡನೇ ವರ್ಷ ದಾಟಿದ್ಳು."

"ಇನ್ನೂ ಒಂದು ವರ್ಷ ಐತೆ ಬಿಡಮ್ಮ. ಅಷ್ಟರಲ್ಲಿ ಮದುವೆ ಮಾಡಿ ಕಳಿಸ್ತೀನಿ ನೋಡು."

"ಮಾಡಿ ಮಾಡಿ, ಅಡುಗೆ ನಂದೇ. ಉಪ್ಪಿಲ್ದಂಗೆ ಮಾಡಿ ಬೀಗರಿಗೆ ಬಡಿಸ್ತೀನಿ."

ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ನಗುತ್ತಿತ್ತು. ದೊಡ್ಡಪ್ಪ ಸಿಟ್ಟು ಮಾಡಿಕೊಂಡ ಹಾಗೆ ಮಾಡಿ ಮೀಸೆ ನೀವಿಕೊಳ್ಳುತ್ತಾ ಹೋಗುವರು. ಅವರಿಬ್ಬರಿಗೂ ಆ ಜಗಳ ಬೇಕಾಗಿತ್ತು ಎಂದು ನನಗೆ ಈಗ ಅನಿಸುತ್ತದೆ.

ಕೊನೆಯ ವರ್ಷದ ಟೂರು ಗುಡಿಬಂಡೆಗೆ ಎಂದು ಗೊತ್ತಾಯಿತು. ಆ ಸಲ ತಕರಾರು ಇದ್ದದ್ದು ನನ್ನ ಗೆಳತಿ ಶಬಾನಾಳ ಮನೆಯಲ್ಲಿ. ಅವಳು ಶಿಡ್ಲಘಟ್ಟದವಳು, ತಂದೆ ರೇಷ್ಮೆ ನೂಲು ತೆಗೆಯುವವರು. ಟೂರಮ್ಮ ಡಬ್ಬಿ ಹಿಡಿದು ಶಿಡ್ಲಘಟ್ಟಕ್ಕೆ ಹೊರಟಾಗ ದಾರಿ ತೋರಿಸಲು ನಾನೂ ಹೋದೆ. ಮನೆಯ ಮುಂಭಾಗದಲ್ಲೇ ಗೂಡು ಬೇಯಿಸುವ ಬಾಣಲೆ, ಬೀದಿಯವರೆಗೂ ಅದರ ವಾಸನೆ. ಶಬಾನಾಳ ತಂದೆ ಬಿಸಿನೀರಿನಿಂದ ಕೈ ತೆಗೆದು, ಬಿಳಿಚಿಕೊಂಡ ಬೆರಳುಗಳನ್ನು ಲುಂಗಿಗೆ ಒರೆಸಿಕೊಂಡರು.

"ನಮ್ಮಲ್ಲಿ ಹೆಣ್ಮಕ್ಕಳನ್ನ ಹಂಗೆಲ್ಲಾ ಕಳಿಸಲ್ಲಮ್ಮ."

"ನಾನೂ ಹಂಗೆಲ್ಲಾ ಕರ್ಕೊಂಡು ಹೋಗಲ್ಲ ಭಾಯ್. ಉಪ್ಪು ಕೊಟ್ರೆ ಮಾತ್ರ" ಎಂದು ಟೂರಮ್ಮ ಡಬ್ಬಿಯ ಮುಚ್ಚಳ ತೆರೆದರು. ಅದರ ಲೆಕ್ಕಾಚಾರವನ್ನು ನಾನು ವಿವರಿಸಿದೆ.

ಶಬಾನಾಳ ತಂದೆಗೆ ನಗು ಬಂತು. ಒಳಗಿನಿಂದ ಶಬಾನಾಳ ತಾಯಿ ಸ್ಟೀಲ್ ಬಟ್ಟಲಲ್ಲಿ ಉಪ್ಪು ತಂದರು. ತಂದೆ ಅದನ್ನು ತಮ್ಮ ಕೈಯಿಂದಲೇ ಡಬ್ಬಿಗೆ ಸುರಿದು, "ಒಬ್ಬಳೇ ಮಗಳು" ಎಂದರು.

"ನನಗೆ ಒಬ್ಬಳೂ ಇಲ್ಲ ಭಾಯ್. ಅದಕ್ಕೇ ಹುಷಾರಾಗಿ ನೋಡ್ಕೋತೀನಿ."

ಆ ವರ್ಷ ಮಳೆ ಚೆನ್ನಾಗಿ ಆಗಿ ನಮ್ಮ ಕಡೆಯ ಕೆರೆಗಳೆಲ್ಲ ಕೋಡಿ ಬಿದ್ದಿದ್ದವು. ಗುಡಿಬಂಡೆಯ ಕೆರೆಯೂ ಅಂಚಿನವರೆಗೆ ತುಂಬಿತ್ತು. ಬಸ್ ದಡದಲ್ಲಿ ನಿಂತಾಗ ನಾವು ಹುಡುಗಿಯರೆಲ್ಲ ಮೊದಲೇ ಮಾತಾಡಿಕೊಂಡಿದ್ದ ಹಾಗೆ ನಮ್ಮ ಮೇಡಮ್ ಮುಂದೆ ಬಂದು, "ಇವತ್ತು ಬಸ್ ಹತ್ರ ನಾನಿರ್ತೀನಿ. ತರಕಾರಿ ಎಲ್ಲಾ ಹೆಚ್ಚಿ ಇಡ್ತೀವಿ. ನೀವು ಹತ್ತಿ ನೋಡ್ಕೊಂಡು ಬನ್ನಿ" ಎಂದರು. ಟೂರಮ್ಮ ಒಲೆಯ ಕಡೆ ಒಮ್ಮೆ, ಬೆಟ್ಟದ ಕಡೆ ಒಮ್ಮೆ ನೋಡಿದರು. ಹೆಗಲ ಟವೆಲು ತೆಗೆದು ಮೇಡಮ್ ಕೈಗಿತ್ತರು. ನನ್ನ ಅಮ್ಮ ಕಳಿಸಿದ್ದ ಸೇವಂತಿಗೆಯನ್ನು ಮುಡಿಗೇರಿಸಿಕೊಂಡು, ಹೊಸ ಸೊಸೆಯ ಹಾಗೆ ಸೆರಗು ಸರಿಮಾಡಿಕೊಂಡು ಹೊರಟರು.

ದಾರಿಯುದ್ದಕ್ಕೂ ಅವರದು ಮಾತೇ ಮಾತು. ಕೋಟೆಯ ಗೋಡೆಯ ಕಲ್ಲುಗಳನ್ನು ಮುಟ್ಟಿ ಮುಟ್ಟಿ ನೋಡಿ, "ಇಷ್ಟು ಕಲ್ಲು ಹೊತ್ತೋರಿಗೆ ಇಲ್ಲಿ ಊಟ ಯಾರು ಮಾಡಿ ಹಾಕಿದ್ರೋ! ನೀರು ಎಲ್ಲಿಂದ ತಂದ್ರೋ!" ಎಂದರು. ಬಂಡೆಯ ನಡುವೆ ಮಳೆನೀರು ನಿಂತ ದೊಣೆ ತೋರಿಸಿದಾಗ "ಹಾಂ, ಮತ್ತೆ!" ಎಂದು ಸಮಾಧಾನಪಟ್ಟರು. ಮಂಡಿ ಹಿಡಿದು ಕೂರುವರು, ಏಳುವರು. ಕೆರೆ ಆಗ ಬಂಡೆಯ ಮರೆಯಲ್ಲಿತ್ತು. ಮೂರನೇ ಬಾಗಿಲ ಹತ್ತಿರ, "ಇನ್ನು ಸ್ವಲ್ಪ ಅಮ್ಮಾ, ಈ ಬಂಡೆ ಸುತ್ತಿದ್ರೆ ಕಾಣೋಕೆ ಶುರುವಾಗ್ತದಂತೆ" ಎಂದೆ.

ಆಗಲೇ ಶಬಾನಾ ಕುಸಿದು ಕೂತಳು. ಮುಖವೆಲ್ಲ ಬೆವರು, ತುಟಿ ಒಣಗಿ ಬಿಳಿ. ನೀರು ಕೊಟ್ಟರೆ ತಲೆ ಅಲ್ಲಾಡಿಸಿದಳು. ಟೂರಮ್ಮ ಅವಳ ಪಕ್ಕ ಕೂತು ಗಲ್ಲ ಹಿಡಿದೆತ್ತಿ ಕೇಳಿದಾಗ ವಿಷಯ ಹೊರಬಿತ್ತು. ಅಪ್ಪ ಒಪ್ಪಿದರೆ ಒಂದು ದಿನ ರೋಜಾ ಇರುತ್ತೇನೆ ಎಂದು ಅವಳು ಹರಕೆ ಹೊತ್ತಿದ್ದಳು. ಅಪ್ಪ ಒಪ್ಪಿದ್ದರು. ಹರಕೆ ಬಾಕಿ ಇಟ್ಟುಕೊಂಡು ಹೊರಟರೆ ದಾರಿಯಲ್ಲಿ ಏನಾದರೂ ಆದೀತೆಂದು ಹೆದರಿ, ಟೂರಿನ ದಿನವೇ ಉಪವಾಸ ಹಿಡಿದಿದ್ದಳು. ಟೂರಮ್ಮನಿಗೆ ಗೊತ್ತಾದರೆ ಬಿಡುವುದಿಲ್ಲವೆಂದು ಬೆಳಗಿನ ಇಡ್ಲಿಯನ್ನು ಪಕ್ಕದವಳ ತಟ್ಟೆಗೆ ದಾಟಿಸಿದ್ದಳು. ಬಿಸಿಲಲ್ಲಿ ಬೆಟ್ಟ ಹತ್ತಬೇಕಾಗುತ್ತದೆ ಎನ್ನುವುದನ್ನು ಮಾತ್ರ ಯೋಚಿಸಿರಲಿಲ್ಲ.

"ನೀವು ಹೋಗಿ ಅಮ್ಮಾ, ನಾನು ಇವಳನ್ನ ಇಳಿಸ್ಕೊಂಡು ಹೋಗ್ತೀನಿ" ಎಂದೆ. ಬೇರೆ ಹುಡುಗಿಯರೂ ಹಾಗೇ ಅಂದರು. ಶಬಾನಾ ಅಳುತ್ತಾ, "ನಾನು ಇಲ್ಲೇ ಕೂತಿರ್ತೀನಿ, ನೀವು ನೋಡಿ ಬನ್ನಿ" ಎಂದಳು.

ಟೂರಮ್ಮ ತಿರುವಿನ ಬಂಡೆಯ ಕಡೆ ನೋಡಿದರು. ತುಂಬ ಹೊತ್ತೇನಲ್ಲ.

"ಅವರಪ್ಪ ಉಪ್ಪು ಕೊಟ್ಟಿದ್ದು ನನ್ನ ಕೈಗೆ ಕಣೇ, ನಿನ್ನ ಕೈಗಲ್ಲ" ಎಂದು ಹೇಳಿ, ಶಬಾನಾಳ ತೋಳನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡು ಇಳಿಯತೊಡಗಿದರು. ಇನ್ನೊಂದು ತೋಳು ನನ್ನ ಹೆಗಲ ಮೇಲಿತ್ತು.

ಆ ಸಂಜೆ ಅವರು ಬಸ್ಸನ್ನು ಹೊರಡಲು ಬಿಡಲಿಲ್ಲ. ದೀಪ ಹಚ್ಚುವ ಹೊತ್ತಿನ ಮಾತು ಮೊದಲ ಸಲ ತಪ್ಪಿತು. ಮೇಡಮ್ ಎಲ್ಲರ ಮನೆಗೂ ಫೋನ್ ಮಾಡಿ ತಿಳಿಸಿದರು. ಡ್ರೈವರ್ ಗೊಣಗಿದಾಗ, "ಹೊತ್ತು ಮುಳುಗ್ಲಿ ಇರಪ್ಪ, ಒಂದು ಮಗು ಬಾಕಿ ಐತೆ ಊಟಕ್ಕೆ" ಎಂದರು. ಸೂರ್ಯ ಮುಳುಗಿದ ಮೇಲೆ ಶಬಾನಾಳಿಗೆ ಬಿಸಿ ಅನ್ನ ಬಡಿಸಿ ಎದುರು ಕೂತರು. ಕೈಯಲ್ಲಿ ಹಪ್ಪಳ.

"ಏನ್ ನೋಡ್ದೆ ಹೇಳು."

"ಏನೂ ನೋಡ್ಲಿಲ್ಲ ಅಮ್ಮಾ. ನಿಮಗೂ ನೋಡೋಕೆ ಬಿಡ್ಲಿಲ್ಲ" ಎಂದು ಅವಳು ಮತ್ತೆ ಅತ್ತಳು.

"ನೋಡ್ದೇ ಇರೋರಿಗೂ ಇವತ್ತು ಹಪ್ಪಳ ಐತೆ. ಒಂದು ನಿನಗೆ, ಒಂದು ನನಗೆ." ಇಬ್ಬರೂ ಕತ್ತಲಾಗುತ್ತಿದ್ದ ಕೆರೆಯ ದಡದಲ್ಲಿ ಕೂತು ಹಪ್ಪಳ ಮುರಿದು ತಿಂದರು. "ಬೆಟ್ಟ ಎಲ್ಲೋಗ್ತದೆ?" ಎಂದು ಟೂರಮ್ಮ ನಕ್ಕರು.

ಬೆಟ್ಟ ಎಲ್ಲಿಗೂ ಹೋಗಲಿಲ್ಲ. ಮುಂದಿನ ವರ್ಷ ಕೆರೆ ಹೋಯಿತು. ಮಳೆ ಕೈಕೊಟ್ಟು ನೀರು ಅಲ್ಲಲ್ಲಿ ತುಂಡಾಗಿ ನಿಂತಿತು. ಅಷ್ಟರಲ್ಲಿ ನಾನು ಪಾಸಾಗಿ, ಚಿಕ್ಕಬಳ್ಳಾಪುರದ ಸಣ್ಣ ಟ್ರಾವೆಲ್ಸ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ಭಾನುವಾರ ಬೆಂಗಳೂರಿನಿಂದ ಬರುವವರನ್ನು ನಂದಿಗೋ ಗುಡಿಬಂಡೆಗೋ ಕರೆದುಕೊಂಡು ಹೋಗಿ ತೋರಿಸುವುದು ನನ್ನ ಕೆಲಸ. ಅದರ ಮುಂದಿನ ವರ್ಷ ನೀರು ಬಂತು. ಟೂರಮ್ಮನ ಮನೆಗೆ ಹೋಗಿ, "ನನ್ನ ಜೊತೆ ಬನ್ನಿ, ನಾನೇ ಹತ್ತಿಸ್ತೀನಿ" ಎಂದು ಕರೆದೆ. ಅವರಿಗೆ ಆಗಲೇ ಉಬ್ಬಸ ಶುರುವಾಗಿತ್ತು. ಅಡ್ಡಿಯಾದದ್ದು ಅದೊಂದೇ ಅಲ್ಲ.

"ಯಾವ ಸ್ಕೂಲು?" ಎಂದು ಕೇಳಿದರು.

"ಸ್ಕೂಲಲ್ಲಮ್ಮಾ. ನಾವಿಬ್ಬರೇ. ಸುಮ್ಮನೆ ನೋಡೋಕೆ."

"ಸುಮ್ಮನೆ ನೋಡೋಕಾ?" ಅವರಿಗೆ ನಾಚಿಕೆಯಾಯಿತು. "ಅಡುಗೆ ಇಲ್ಲ, ಮಕ್ಕಳಿಲ್ಲ, ನೋಡೋಕೆ ಅಂತಾನೇ ಬಸ್ ಹತ್ಕೊಂಡು ಹೋದ್ರೆ ಜನ ಏನಂತಾರೆ ಕಣೇ? ಯಾವುದಾದ್ರೂ ಟೂರು ಬರ್ಲಿ ತಡಿ. ಅದರ ಜೊತೆ ಹೋಗಣ."

ಅರ್ಧ ದಿನದ ದಾರಿ ಅಷ್ಟೆ. ನಾನು ಮತ್ತೆ ಮತ್ತೆ ಕರೆದೆ. ಅವರು ಮತ್ತೆ ಮತ್ತೆ ಟೂರು ಬರಲಿ ಅಂದರು. ಯಾವ ಟೂರೂ ಬರಲಿಲ್ಲ. ಈಗ ಶಾಲೆಗಳವರು ಹೋಟೆಲಿನಲ್ಲೇ ಊಟ ಹೇಳಿಬಿಡುತ್ತಾರೆ. ನಾನು ಕೆಲಸ ಮಾಡುವ ಆಫೀಸಿನ ಬಸ್ಸಿನಲ್ಲೂ ಪಾತ್ರೆ ಏರುವುದಿಲ್ಲ. ಯಾರನ್ನು ದೂರಲಿ? ನೋಡುವುದು ಎಂದರೆ ಬೇರೆಯವರ ಕೆಲಸ, ತನ್ನದು ಬೇಯಿಸಿ ಹಾಕುವುದು ಎಂದು ಅವರ ಮನಸ್ಸಿನಲ್ಲಿ ಯಾರು ಯಾವಾಗ ಹಾಕಿಟ್ಟರೋ, ಅದನ್ನು ಕೀಳಲು ನನ್ನ ಡಿಗ್ರಿಯಿಂದ ಆಗಲಿಲ್ಲ.

ಕಳೆದ ಚಳಿಗಾಲದಲ್ಲಿ ಉಬ್ಬಸ ಜಾಸ್ತಿಯಾಗಿ ಆಸ್ಪತ್ರೆಗೆ ಸೇರಿಸಿದರು. ಮಧ್ಯಾಹ್ನ ಮೆತ್ತಗಿನ ಅನ್ನ, ಸಾರು ತೆಗೆದುಕೊಂಡು ಹೋದೆ. ಎರಡು ತುತ್ತು ತಿಂದು ತಟ್ಟೆ ಸರಿಸಿದರು. ಆಮೇಲೆ ಕೇಳಿದರು:

"ಆ ಕೆರೆ ಫೋಟೋ ನಿನ್ನ ಫೋನಲ್ಲಿ ಐತಾ?"

ಅವರು ಫೋಟೋ ಕೇಳಿದರೆಂದರೆ ಬೆಟ್ಟ ಹತ್ತುವ ಆಸೆ ಬಿಟ್ಟರು ಎಂದೇ ಅರ್ಥ. ಆ ದಿನ ತುದಿಯವರೆಗೆ ಹತ್ತಿದ ಹುಡುಗಿಯರು ಕಳಿಸಿದ್ದ ಫೋಟೋ ಇತ್ತು. ತೋರಿಸಿದೆ. ಕನ್ನಡಕವಿಲ್ಲದ ಕಣ್ಣನ್ನು ಹತ್ತಿರ ತಂದು ನೋಡಿದರು.

"ಇದ್ರಲ್ಲಿ ನಾವು ಒಲೆ ಹಾಕ್ತಿದ್ದಿದ್ದು ಎಲ್ಲಿ?"

ಬೆರಳಲ್ಲಿ ದೊಡ್ಡದು ಮಾಡಿ ಎಡಗಡೆಯ ಅಂಚು ತೋರಿಸಿದೆ. "ಇಲ್ಲಿ ಅಮ್ಮಾ. ಗುಜರಾತ್ ಇರೋ ಕಡೆ."

"ಅಯ್ಯೋ ಇವಳ! ಇಷ್ಟು ವರ್ಷ ಗುಜರಾತಲ್ಲಿ ಪಾತ್ರೆ ತೊಳೀತಿದ್ನಾ ನಾನು?" ನಗು ಕೆಮ್ಮಾಯಿತು. ಬೆನ್ನು ಸವರಿದೆ. ಕೆಮ್ಮು ನಿಂತ ಮೇಲೆ, ಅವರನ್ನು ಮತ್ತೆ ನಗಿಸೋಣವೆಂದು, "ಏನ್ ನೋಡಿದ್ರಿ ಹೇಳಿ, ಹಪ್ಪಳ ಕೊಡ್ತೀನಿ" ಎಂದೆ.

ಅವರು ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು. "ಕೆರೆ ನೋಡಿದೆ" ಎಂದರು. "ಮ್ಯಾಪು ನೋಡ್ಲಿಲ್ಲ. ಅದನ್ನ ಹತ್ತಿ ನೋಡ್ಬೇಕು."

ಆ ವಾರ ಮುಗಿಯುವ ಮೊದಲೇ ಹೋಗಿಬಿಟ್ಟರು.

ಅವರ ಕಡೆಯವರಲ್ಲಿ ಮಣ್ಣು ಮಾಡುವಾಗ ಗುಂಡಿಗೆ ಉಪ್ಪು ಹಾಕುತ್ತಾರೆ. ಅಂಗಡಿಯಿಂದ ತಂದ ಉಪ್ಪು ಹಾಕಿದ ಮೇಲೆ ಅವರ ತಂಗಿ ತಗಡಿನ ಡಬ್ಬಿ ತಂದು, ತಳದಲ್ಲಿ ಉಳಿದಿದ್ದನ್ನೂ ಅಲ್ಲೇ ಸುರಿದರು. ಶಬಾನಾಳ ತಂದೆ ಶಿಡ್ಲಘಟ್ಟದಿಂದ ಸ್ಕೂಟರಿನಲ್ಲಿ ಬಂದು ಹಿಂದುಗಡೆ ನಿಂತಿದ್ದರು. ದೊಡ್ಡಪ್ಪನೂ ಬಂದಿದ್ದರು.

ದೊಡ್ಡಪ್ಪನ ಮೀಸೆ ಅಲ್ಲಿಯವರೆಗೂ ಕ್ಷೇಮವಾಗಿತ್ತು. ನಾನು ಪಾಸಾದಾಗ ಟೂರಮ್ಮ ಕ್ಷೌರದ ಅಂಗಡಿಯ ಮುಂದೆಯೇ ಅವರನ್ನು ತಡೆದು ನಿಲ್ಲಿಸಿದ್ದರು. "ಮಾರ್ಕ್ಸ್ ಕಾರ್ಡೆಲ್ಲಾ ಲೆಕ್ಕಕ್ಕಿಲ್ಲ. ಮೊಹರು ಒತ್ತಿರೋ ಸರ್ಟಿಫಿಕೇಟ್ ಬರ್ಲಿ, ಆಮೇಲೆ ಮಾತು" ಎಂದು ಅವರು ಜಾರಿಕೊಂಡಿದ್ದರು. "ಬರ್ಲಿ ಯಜಮಾನ್ರೇ, ಎಲ್ಲಿಗೆ ಹೋಗ್ತೀರಾ, ನಾನು ಇಲ್ಲೇ ಇರ್ತೀನಲ್ಲ" ಎಂದಿದ್ದರು ಟೂರಮ್ಮ.

ವರ್ಷಗಟ್ಟಲೆ ತಡವಾಗಿ ಸರ್ಟಿಫಿಕೇಟ್ ಬಂದದ್ದು ಹೋದ ತಿಂಗಳು. ಕಾಲೇಜಿನಿಂದ ಫೋನ್ ಬಂದ ದಿನ ನಾನು ಒಂದು ಗುಂಪಿನ ಜೊತೆ ಗುಡಿಬಂಡೆಯ ತುದಿಯಲ್ಲಿದ್ದೆ. ಕೆಳಗೆ ಕೆರೆ ತುಂಬಿತ್ತು. ಬಂದವರು "ವಾವ್" ಎಂದು ಅದಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಾನು ಗುಜರಾತಿನ ಅಂಚನ್ನು ನೋಡುತ್ತಾ ನಿಂತೆ. ಅಲ್ಲಿ ಒಂದು ಎಮ್ಮೆ ಇತ್ತು.

ಮರುದಿನ ಕಾಲೇಜಿನಲ್ಲಿ ಸಹಿ ಹಾಕಿ ಸರ್ಟಿಫಿಕೇಟ್ ತೆಗೆದುಕೊಂಡೆ. ನಮ್ಮ ಮನೆತನದಲ್ಲಿ ಅಂಥ ಕಾಗದ ಯಾರ ಕೈಗೂ ಬಂದಿರಲಿಲ್ಲ. ಅದನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಮಂಚೇನಹಳ್ಳಿಗೆ ಬಂದು ಇಳಿದರೆ, ಬಸ್ ಸ್ಟ್ಯಾಂಡಿನಲ್ಲಿ ದೊಡ್ಡಪ್ಪ ನಿಂತಿದ್ದರು. ಅಪ್ಪ ಸುದ್ದಿ ಹೇಳಿರಬೇಕು. ಚಳಿಯೇನೂ ಇರಲಿಲ್ಲ, ಆದರೂ ಬಾಯಿ ಮೂಗು ಮುಚ್ಚುವ ಹಾಗೆ ಟವೆಲು ಸುತ್ತಿಕೊಂಡಿದ್ದರು. ಹಲ್ಲುನೋವು ಇರಬಹುದು ಎಂದುಕೊಂಡೆ.

ಸರ್ಟಿಫಿಕೇಟನ್ನು ಅವರ ಕೈಗೆ ಕೊಟ್ಟೆ. ಪಂಚೆಗೆ ಎರಡೂ ಕೈ ಒರೆಸಿಕೊಂಡು ಇಸಿದುಕೊಂಡರು. ಕನ್ನಡದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ನನ್ನ ಹೆಸರು ಓದಿದರು. ಮೊಹರನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಡವಿದರು. ಆಮೇಲೆ ಟವೆಲು ಬಿಚ್ಚಿದರು.

ಮೀಸೆ ಇರಲಿಲ್ಲ. ಮೇಲ್ದುಟಿಯ ಮೇಲೆ, ಬಿಸಿಲನ್ನೇ ಕಾಣದಿದ್ದ ಬೆಳ್ಳಗಿನ ಪಟ್ಟಿ. ಟೀ ಅಂಗಡಿಯಿಂದ ಯಾರೋ, "ಏನ್ ಯಜಮಾನ್ರೇ, ತಿರುಪತಿಗೆ ಹೋಗಿ ತಲೆ ಬಿಟ್ಟು ಮೀಸೆ ಕೊಟ್ಟು ಬಂದ್ರಾ?" ಎಂದು ಕೂಗಿದರು. ನಾಲ್ಕು ಜನ ನಕ್ಕರು. ದೊಡ್ಡಪ್ಪ ಅತ್ತ ತಿರುಗಲಿಲ್ಲ. ಟೂರಿನ ಬಸ್ಸಿಗೆ ಕಾಯುತ್ತಾ ಟೂರಮ್ಮ ಪಾತ್ರೆಗಳ ಜೊತೆ ಕೂರುತ್ತಿದ್ದ ಕಲ್ಲುಬೆಂಚಿನ ಕಡೆ ನೋಡುತ್ತಿದ್ದರು. ಸರ್ಟಿಫಿಕೇಟನ್ನು ನನ್ನ ಕೈಗೆ ವಾಪಸಿಟ್ಟು, ಬರಿದಾದ ತುಟಿಯ ಮೇಲೆ ಕೈ ಆಡಿಸಿಕೊಂಡು ಹೇಳಿದರು:

"ಇದನ್ನೂ ನೋಡ್ದೇನೇ ಹೋಗ್ಬಿಟ್ಳಲ್ಲಮ್ಮ."